ಆರರಿಂದ ಎಂಟಕ್ಕೆ ಹಾರಬೇಡಿ, ನಡುವೆ ಏಳಿದೆ

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುಟದಲ್ಲಿ ಬಂದ ಭಾಜ್ಯತೆಯ ನಿಯಮಗಳ ಪಟ್ಟಿಯನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ. 2, 3, 4, 5, 6 ಆದ ಮೇಲೆ ಪಟ್ಟಿ ನೇರ 8ಕ್ಕೆ ಹೋಗಿದೆ. ಕೊನೆಯಲ್ಲಿ ‘7ಕ್ಕೆ ಸುಲಭ ನಿಯಮವಿಲ್ಲ, ಭಾಗಿಸಿಯೇ ನೋಡಬೇಕು’ ಎಂದಿದೆ. ಗೈಡುಗಳಲ್ಲಿ, ಶಾಲೆಯ ಗೋಡೆಗೆ ತೂಗುಹಾಕುವ ಚಾರ್ಟುಗಳಲ್ಲಿ ಕೂಡ ಇದೇ ಮಾತು ಸಿಗುತ್ತದೆ, ಹಾಗಾಗಿ ತಪ್ಪು ಪುಟ ಸಿದ್ಧಪಡಿಸಿದವರೊಬ್ಬರದಲ್ಲ. ಆದರೂ ತಪ್ಪು ತಪ್ಪೇ. ಏಳಕ್ಕೆ ನಿಯಮವಿದೆ. ಒಂದಲ್ಲ, ಮೂರ್ನಾಲ್ಕಿವೆ. ಅವುಗಳಲ್ಲೊಂದು ನಾವು ಲಕ್ಷ, ಕೋಟಿ ಎಂದು ಅಲ್ಪವಿರಾಮ ಹಾಕಿ ಬರೆಯುವ ಕ್ರಮಕ್ಕೇ ಹೇಳಿ ಮಾಡಿಸಿದಂತಿದೆ. ಅದು ನಮ್ಮ ಮಕ್ಕಳ ಕೈಗೆ ಸಿಗದೇ ಇರಬಾರದು.

ಮೊದಲು, ಏಳು ಏಕೆ ಹಟಮಾರಿ ಎನ್ನುವುದು. ನಾವು ಎಣಿಸುವುದು ಹತ್ತರ ಲೆಕ್ಕದಲ್ಲಿ. 2 ಮತ್ತು 5 ಹತ್ತನ್ನೇ ಭಾಗಿಸುತ್ತವೆ, ಬಿಡಿಸ್ಥಾನ ನೋಡಿದರೆ ಸಾಕು. 4 ನೂರನ್ನೂ 8 ಸಾವಿರವನ್ನೂ ಭಾಗಿಸುತ್ತವೆ, ಕೊನೆಯ ಎರಡೋ ಮೂರೋ ಅಂಕಿ ಸಾಕು. 3 ಮತ್ತು 9 ಹತ್ತಕ್ಕೆ ಒಂದು ಕಡಿಮೆಯಾದ 9ನ್ನು ಭಾಗಿಸುತ್ತವೆ, ಅಂಕಿಗಳನ್ನು ಕೂಡಿದರಾಯಿತು. 11 ಹತ್ತಕ್ಕೆ ಒಂದು ಹೆಚ್ಚು, ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ, ಕಳೆದರಾಯಿತು. ಏಳು ಈ ಯಾವ ಬಲೆಗೂ ಬೀಳುವುದಿಲ್ಲ. 9, 10, 11, 99, 100, 101, 999, 1000, ಯಾವುದನ್ನೂ ಅದು ಭಾಗಿಸದು. ಸಿಗುವುದು 1001ರಲ್ಲಿ: 7 × 11 × 13 = 1001. ಅಂದರೆ ಏಳರ ಪಾಲಿಗೆ ಸಾವಿರ ಎಂದರೆ ‘ಮೈನಸ್ ಒಂದು’. ಇನ್ನೊಂದು ಗುಟ್ಟು ನೂರರಲ್ಲಿದೆ. 98 ಏಳರ ಅಪವರ್ತ್ಯ, ಹಾಗಾಗಿ ಏಳರ ಪಾಲಿಗೆ ನೂರು ಎಂದರೆ ಎರಡು.

ಈ ಎರಡು ಮಾತು ಗೊತ್ತಿದ್ದರೆ ಎಷ್ಟು ದೊಡ್ಡ ಸಂಖ್ಯೆಯೂ ಬಗ್ಗುತ್ತದೆ. 3,58,72,914 ತೆಗೆದುಕೊಳ್ಳಿ. ಎಡದಿಂದ ಹೊರಡಿ. 3ನ್ನು ಇಮ್ಮಡಿ ಮಾಡಿ 58 ಸೇರಿಸಿ: 6 + 58 = 64. ಏಳರಿಂದ ಶೇಷ 1. ಈ 1ನ್ನು ಇಮ್ಮಡಿ ಮಾಡಿ 72 ಸೇರಿಸಿ: 74, ಶೇಷ 4. ಈಗ ಕೊನೆಯ ಅಲ್ಪವಿರಾಮ ಬಂತು. ಇಲ್ಲಿ ಇಮ್ಮಡಿ ಬೇಡ, ಕೊನೆಯ ಮೂರಂಕಿಯಿಂದ ಕಳೆಯಿರಿ: 914 − 4 = 910. ಇದು 7 × 130. ಮೂಲ ಸಂಖ್ಯೆಯೂ ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಭಾಗಲಬ್ಧ 51,24,702, ಬೇಕಾದರೆ ಗುಣಿಸಿ ತಾಳೆ ನೋಡಿ.

ಕೋಟಿ, ಲಕ್ಷ, ಸಾವಿರಗಳ ನಡುವೆ ಎರಡೆರಡು ಅಂಕಿ ಇರುವುದರಿಂದ ಅಲ್ಲಿ ನೂರರ ಲೆಕ್ಕ, ಅಂದರೆ ಇಮ್ಮಡಿ. ಸಾವಿರದಿಂದ ಕೆಳಗೆ ಮೂರಂಕಿ ಇರುವುದರಿಂದ ಅಲ್ಲಿ ಸಾವಿರದ ಲೆಕ್ಕ, ಅಂದರೆ ಕಳೆಯುವುದು. ಮಕ್ಕಳು ಎಡವುವುದು ಬಹುತೇಕ ಇಲ್ಲಿಯೇ: ಕೊನೆಯ ಅಲ್ಪವಿರಾಮದಲ್ಲೂ ಇಮ್ಮಡಿ ಮಾಡಿ ಕೂಡಿಬಿಡುತ್ತಾರೆ. 1,001ರಲ್ಲೇ ಇದು ಬಯಲಾಗುತ್ತದೆ. ಸರಿಯಾಗಿ ಮಾಡಿದರೆ 001 − 1 = 0. ಇಮ್ಮಡಿ ಮಾಡಿ ಕೂಡಿದರೆ 3 ಬಂದು, 1001 ಏಳರಿಂದ ಭಾಗವಾಗದು ಎಂಬ ಸುಳ್ಳು ಉತ್ತರ. ಇನ್ನೊಂದು ತಪ್ಪು ಮೂರಂಕಿಗೊಂದು ಅಲ್ಪವಿರಾಮ ಹಾಕಿದ ಸಂಖ್ಯೆಗಳಲ್ಲಿ. ವಿದೇಶಿ ಕ್ರಮದಲ್ಲಿ 1,234,567 ಎಂದು ಬರೆದಿದ್ದರೆ ಎಲ್ಲಿಯೂ ಇಮ್ಮಡಿ ಇಲ್ಲ, ಬಲದಿಂದ ಕಳೆದು ಕೂಡುವುದಷ್ಟೇ: 567 − 234 + 1 = 334, ಶೇಷ 5. ನಮ್ಮ ಕ್ರಮದ 12,34,567ರಲ್ಲಿ 24 + 34 = 58, ಶೇಷ 2; 567 − 2 = 565, ಶೇಷ 5. ದಾರಿ ಎರಡು, ಉತ್ತರ ಒಂದೇ. ಅಲ್ಪವಿರಾಮ ಎಲ್ಲಿದೆ ಎಂದು ನೋಡದೆ ದಾರಿಗಳನ್ನು ಅದಲುಬದಲು ಮಾಡಿದರೆ ಮಾತ್ರ ಕೆಡುತ್ತದೆ.

ಹೆಚ್ಚು ಪ್ರಚಾರದಲ್ಲಿರುವುದು ಇನ್ನೊಂದು ನಿಯಮ: ಬಿಡಿ ಅಂಕಿಯನ್ನು ಇಮ್ಮಡಿ ಮಾಡಿ ಉಳಿದುದರಿಂದ ಕಳೆಯುವುದು. 3,682 ಇದ್ದರೆ 368 − 4 = 364, ಮತ್ತೆ 36 − 8 = 28, ಸರಿ ಹೋಯಿತು. 21 ಏಳರ ಅಪವರ್ತ್ಯವಾದ್ದರಿಂದ ಇದು ನಡೆಯುತ್ತದೆ. ಇದರಲ್ಲೊಂದು ಕೊರತೆಯಿದೆ, ಅದನ್ನು ಹೇಳದೆ ಕಲಿಸಬಾರದು. ಭಾಗವಾಗುತ್ತದೋ ಇಲ್ಲವೋ ಎಂಬುದನ್ನು ಇದು ಸರಿಯಾಗಿ ಹೇಳುತ್ತದೆ, ಶೇಷವನ್ನು ಹೇಳುವುದಿಲ್ಲ. 100ಕ್ಕೆ ಪ್ರಯೋಗಿಸಿದರೆ 10 − 0 = 10, ಶೇಷ 3 ಎಂದು ತೋರುತ್ತದೆ. ನಿಜವಾದ ಶೇಷ 2. ಅಲ್ಪವಿರಾಮದ ನಿಯಮದಲ್ಲಿ ಈ ಕೊರತೆಯಿಲ್ಲ, ಶೇಷ ಕೂಡ ಸರಿಯಾಗಿ ಬರುತ್ತದೆ. ವಾರದ ಲೆಕ್ಕಕ್ಕೆ ಬೇಕಾದದ್ದೇ ಶೇಷ, ಆದ್ದರಿಂದ ನನ್ನ ಮತ ಇದಕ್ಕೇ.

ಒಂದನ್ನು ಏಳರಿಂದ ಭಾಗಿಸುವ ಕೆಲಸವನ್ನು ಪ್ರತಿ ಮಗುವೂ ಒಮ್ಮೆ ಕೈಯಾರೆ ಮಾಡಬೇಕು. 10ರಲ್ಲಿ ಏಳು ಒಂದು ಸಲ, ಶೇಷ 3. 30ರಲ್ಲಿ ನಾಲ್ಕು ಸಲ, ಶೇಷ 2. 20ರಲ್ಲಿ ಎರಡು, ಶೇಷ 6. 60ರಲ್ಲಿ ಎಂಟು, ಶೇಷ 4. 40ರಲ್ಲಿ ಐದು, ಶೇಷ 5. 50ರಲ್ಲಿ ಏಳು, ಶೇಷ 1. ಹೊರಟಲ್ಲಿಗೇ ಬಂದೆವು, ಇನ್ನು ಮೇಲೆ 142857 ತಿರುತಿರುಗಿ ಬರುತ್ತದೆ. ಶೇಷಗಳ ಸಾಲು ನೋಡಿ: 3, 2, 6, 4, 5, 1. ಏಳರಿಂದ ಭಾಗಿಸಿದರೆ ಬರಬಹುದಾದ, ಸೊನ್ನೆಯಲ್ಲದ ಆರೂ ಶೇಷಗಳು ತಲಾ ಒಂದೊಂದು ಸಲ ಬಂದಿವೆ. ಆದ್ದರಿಂದಲೇ 142857ನ್ನು 2ರಿಂದ ಗುಣಿಸಿದರೆ 285714, 3ರಿಂದ ಗುಣಿಸಿದರೆ 428571, ಹೀಗೆ 6ರವರೆಗೂ ಅವೇ ಅಂಕಿಗಳು ಅದೇ ಸರದಿಯಲ್ಲಿ ಸುತ್ತುತ್ತವೆ. ಏಳರಿಂದ ಗುಣಿಸಿದಾಗ 999999. ಇದನ್ನು ಮೊಬೈಲಿನಲ್ಲಿ ‘ಪವಾಡ ಸಂಖ್ಯೆ’ ಎಂದು ಹಂಚುತ್ತಾರೆ. ಮೇಲಿನ ಆರು ಸಾಲಿನ ಭಾಗಾಕಾರವೇ ಅದಕ್ಕೆ ಪೂರ್ತಿ ವಿವರಣೆ.

ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳಿವೆ. 142857143 × 7 = 1000000001 ಅವುಗಳಲ್ಲೊಂದು. 14287143 × 7 = 100010001 ಇನ್ನೊಂದು. 142857ರ ಸುತ್ತು ತಿಳಿದವನ ಕೈಯಿಂದ ಬಂದ ಲೆಕ್ಕಗಳಿವು. ನೃಪತುಂಗನ ಹೆಸರು ಕೇಳಿದರೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಆಶ್ರಯದಲ್ಲಿ ಬೆಳೆದ ಗಣಿತವೂ ಅಷ್ಟೇ ನೆನಪಾಗಬೇಕು.

ಮಗ್ಗಿಯ ವಿಷಯಕ್ಕೆ ಬರೋಣ. ‘ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು’ ಎಂದು ರಾಗವಾಗಿ ಹೊರಟ ದನಿ ಏಳಾರ್ಲಿ, ಏಳೇಳ್ಲಿ, ಏಳೆಂಟ್ಲಿ ಬರುವಾಗ ಸಣ್ಣದಾಗುವುದನ್ನು ಪ್ರತಿ ಶಿಕ್ಷಕರೂ ಬಲ್ಲರು. ಕಾರಣವಿದೆ. ಐದರ ಮಗ್ಗಿಯಲ್ಲಿ ಬಿಡಿಸ್ಥಾನಕ್ಕೆ ಬರುವುದು ಎರಡೇ ಅಂಕಿ, ಎಂಟರದರಲ್ಲಿ ಐದು. ಏಳರದರಲ್ಲಿ ಹತ್ತಕ್ಕೆ ಹತ್ತೂ ಬರುತ್ತವೆ, ಒಂಬತ್ತರ ಮಗ್ಗಿಯಂತೆ ಒಂದೊಂದೇ ಇಳಿಯುವುದೂ ಇಲ್ಲ. ಆಧಾರಕ್ಕೆ ಫೋನಿನ ಗುಂಡಿಗಳನ್ನು ತೋರಿಸಿ. ಎಡಗಂಬವನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ 7, 4, 1. ನಡುವಿನದು 8, 5, 2. ಬಲಗಡೆಯದು 9, 6, 3. ಏಳರ ಮಗ್ಗಿಯ ಬಿಡಿಸ್ಥಾನ ಇದೇ ಕ್ರಮದಲ್ಲಿ ಹೋಗುತ್ತದೆ. ಹತ್ತರ ಸ್ಥಾನಕ್ಕೆ ಮೊದಲ ಗುಂಪಿಗೆ 0, 1, 2. ಎರಡನೆಯದಕ್ಕೆ 2, 3, 4. ಮೂರನೆಯದಕ್ಕೆ 4, 5, 6. ಸೇರಿಸಿ ಓದಿದರೆ 07, 14, 21. 28, 35, 42. 49, 56, 63. ಬಾಯಿಪಾಠ ಬಿಡಬೇಕೆಂದು ಹೇಳುತ್ತಿಲ್ಲ. ಬಾಯಿ ತಪ್ಪಿದಾಗ ಹಿಡಿಯಲು ಒಂದು ಕಂಬ ಇದು.

ಲೆಕ್ಕದಲ್ಲಿ ಹೀಗೆ ತೊಡಕಾಗುವ ಏಳು ನಮ್ಮ ಮಾತಿನಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆ! ಏಳು ಮಲ್ಲಿಗೆ ತೂಕದ ರಾಜಕುಮಾರಿ, ಏಳು ಸಮುದ್ರದಾಚೆಯ ಗಿಳಿ, ಚಿತ್ರದುರ್ಗದ ಏಳುಸುತ್ತಿನ ಕೋಟೆ, ಮೈಲಾರಲಿಂಗನ ಭಕ್ತರ ‘ಏಳು ಕೋಟಿ ಏಳು ಕೋಟಿ’ ಉದ್ಘೋಷ, ಐಹೊಳೆಯ ರಾವಣಫಡಿಯಲ್ಲಿ ಕುಣಿವ ಶಿವನ ಜೊತೆಗಿರುವ ಸಪ್ತಮಾತೃಕೆಯರು. ಪಟ್ಟಿ ಬೆಳೆಸುತ್ತ ಹೋಗಬಹುದು. ಆದರೆ ಪಟ್ಟಿಗಿಂತ ಬೆಲೆಯುಳ್ಳದ್ದು ಏಳನ್ನು ಒಡೆದು ಬಳಸುವ ನಮ್ಮ ಜಾಣ್ಮೆ. ಅದು ಎದ್ದು ಕಾಣುವುದು ಭಾಮಿನಿ ಷಟ್ಪದಿಯಲ್ಲಿ.

ಷಟ್ಪದಿಗಳು ಆರು ಬಗೆ. ಶರ, ಕುಸುಮ, ಭೋಗ, ಪರಿವರ್ಧಿನಿ, ವಾರ್ಧಕ ಇವುಗಳಲ್ಲೆಲ್ಲ ಒಂದೇ ಅಳತೆಯ ಗಣ ಮತ್ತೆ ಮತ್ತೆ ಬರುತ್ತದೆ: ಮೂರೋ, ನಾಲ್ಕೋ, ಐದೋ ಮಾತ್ರೆಯದು. ಭಾಮಿನಿಯೊಂದೇ ಮೂರು ಮತ್ತು ನಾಲ್ಕನ್ನು ಜೋಡಿ ಮಾಡುತ್ತದೆ. ಗದುಗಿನ ಕುಮಾರವ್ಯಾಸನ ಭಾರತದ ಮೊದಲ ಸಾಲನ್ನೇ ಬಿಡಿಸಿ: ಶ್ರೀವ | ನಿತೆಯರ | ಸನೆವಿ | ಮಲರಾ. ‘ಶ್ರೀ’ ಗುರು, ಎರಡು ಮಾತ್ರೆ, ‘ವ’ ಲಘು, ಒಂದು, ಒಟ್ಟು ಮೂರು. ‘ನಿತೆಯರ’ ನಾಲ್ಕು ಲಘು. ‘ಸನೆವಿ’ ಮೂರು. ‘ಮಲರಾ’ ಒಂದು, ಒಂದು, ಎರಡು, ಒಟ್ಟು ನಾಲ್ಕು. 3 + 4 + 3 + 4, ಎರಡು ಏಳು. 1, 2, 4, 5ನೇ ಸಾಲುಗಳೆಲ್ಲ ಹೀಗೆ 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಮೂರು ಏಳು, ಮೇಲೊಂದು ಗುರು, ಒಟ್ಟು 23.

ಪ್ರಸ್ತಾರ ಹಾಕುವಾಗ ಸಾಮಾನ್ಯವಾಗಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎನ್ನುವುದು ಮರೆತು ‘ಸಜ್ಜನ’ವನ್ನು ಮೂರೆಂದು ಎಣಿಸುತ್ತಾರೆ. ಅದು ನಾಲ್ಕು. ಮೂರನೇ ಸಾಲಿನ ಕಡೆಯ ಅಕ್ಷರ ಲಘುವಾಗಿದ್ದರೂ ಗುರುವೆಂದೇ ಹಿಡಿಯಬೇಕೆಂಬುದು ಇನ್ನೊಂದು. ಇದನ್ನು ಬಿಟ್ಟರೆ 23 ಇರಬೇಕಾದಲ್ಲಿ 22 ಬಂದು ಕವಿಯದೇ ತಪ್ಪೆಂದು ಮಗು ತಿಳಿಯುತ್ತದೆ.

ಈ ಏಳನ್ನು ಕೈಯಲ್ಲೂ ಹಿಡಿಯಬಹುದು. ಸುಳಾದಿ ಸಪ್ತತಾಳಗಳಲ್ಲಿ ತ್ರಿಪುಟ ಒಂದು. ತಿಶ್ರ ಜಾತಿಯಲ್ಲಿ ಅದಕ್ಕೆ ಏಳಕ್ಷರ: ಒಂದು ಪೆಟ್ಟು, ಎರಡು ಬೆರಳೆಣಿಕೆ, ಆಮೇಲೆ ಪೆಟ್ಟು, ಬೀಸು, ಪೆಟ್ಟು, ಬೀಸು. ಮೂರು, ಎರಡು, ಎರಡು. ಈ ತಾಳ ಹಾಕುತ್ತ ಮಾತ್ರೆಗೊಂದು ಎಣಿಕೆಯಂತೆ ಭಾಮಿನಿ ಓದಿಸಿದರೆ ಚಿಕ್ಕ ಸಾಲಿಗೆ ಸರಿಯಾಗಿ ಎರಡು ಆವರ್ತ ಬರುತ್ತದೆ. ‘ತಕಿಟ ತಕದಿಮಿ’ ಎಂದು ಬಾಯಲ್ಲಿ ಹೇಳಿಕೊಂಡರೂ ಆಯಿತು, ಮಿಶ್ರಛಾಪಿನ ನಡೆ ಅದೇ. ಕಿವಿಗೆ ಆದಿತಾಳದ ಎಂಟು ರೂಢಿಯಾಗಿರುವ ಮಕ್ಕಳು ‘ತಕಿಟ’ದ ಕೊನೆಯಲ್ಲಿ ಒಂದಿಷ್ಟು ಎಳೆದು ಮೂರನ್ನು ನಾಲ್ಕು ಮಾಡುತ್ತಾರೆ, ಏಳು ಎಂಟಾಗುತ್ತದೆ. ಮೊದಲು ‘ತಕಿಟ’ವನ್ನಷ್ಟೇ ಹತ್ತಾರು ಸಲ ಹೇಳಿಸಿ, ಆಮೇಲೆ ‘ತಕದಿಮಿ’ ಜೋಡಿಸಿದರೆ ಈ ಎಳೆತ ಹೋಗುತ್ತದೆ. ಕನ್ನಡ ಪಾಠ, ಸಂಗೀತ, ಗಣಿತ ಮೂರೂ ಒಂದೇ ಏಳನ್ನು ಎಣಿಸುತ್ತಿರುವಾಗ ಮೂರು ಪೀರಿಯಡ್‌ಗಳ ನಡುವೆ ಗೋಡೆ ಏಕಿರಬೇಕು?

ಕರಾವಳಿಯ ಚೆನ್ನೆಮಣೆ, ಬಯಲುಸೀಮೆಯ ಅಳಗುಳಿಮಣೆ ಕೂಡ ಏಳರದೇ ಪಾಠ. ಸಾಲಿಗೆ ಏಳು ಗುಳಿಯಂತೆ ಎರಡು ಸಾಲು, ಗುಳಿಗೆ ನಾಲ್ಕು ಬೀಜ, ಒಟ್ಟು 56. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಯಿಂದ ಒಂದೊಂದಾಗಿ ಬಿಡುತ್ತ ಹೋದಾಗ, ಕೈಯಲ್ಲಿ 14 ಇದ್ದರೆ ಕೊನೆಯದು ಹೊರಟ ಗುಳಿಗೇ ಬೀಳುತ್ತದೆ. ಏಳಿದ್ದರೆ? ಸಾಲಿನ ನಟ್ಟನಡುವಿನ ಗುಳಿಯಿಂದ ಹೊರಟರೆ ಕೊನೆಯ ಬೀಜ ನೇರ ಎದುರಿನ ಗುಳಿಗೆ, ಮೂಲೆಯಿಂದ ಹೊರಟರೆ ಎದುರು ಸಾಲಿನ ಓರೆಮೂಲೆಗೆ. ಏಳು ಬೆಸಸಂಖ್ಯೆಯಾದ್ದರಿಂದಲೇ ಸಾಲಿಗೊಂದು ನಡುಗುಳಿ ಸಿಕ್ಕಿದೆ. ಶೇಷದ ಗಣಿತವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಸಾಧನ ಹಣ ಕೊಟ್ಟರೂ ಸಿಗಲಾರದು. ಮಣೆ ಇಲ್ಲದಿದ್ದರೆ ನೆಲದಲ್ಲಿ ಹದಿನಾಲ್ಕು ಕುಳಿ ತೋಡಿ ಹುಣಸೆಬೀಜ ಹಾಕಿದರೂ ಸಾಕು.

ವಾರಗಳ ಸರದಿಯಲ್ಲೂ ಏಳರ ಗುಣವೇ ಇದೆ. ನಿಧಾನದಿಂದ ವೇಗಕ್ಕೆ ಗ್ರಹಗಳ ಹಳೆಯ ಕ್ರಮ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳನ್ನು, ಅಂದರೆ ಗಂಟೆಗಳನ್ನು, ಸರದಿಯಂತೆ ಇವರಿಗೆ ಹಂಚಿದರೆ 21ಕ್ಕೆ ಮೂರು ಸುತ್ತು ಮುಗಿದು ಮೂರು ಉಳಿಯುತ್ತವೆ. ಹಾಗಾಗಿ ಮರುದಿನದ ಮೊದಲ ಹೋರೆ ಮೂರು ಮನೆ ಮುಂದಿನವನದು: ಶನಿಯಾದ ಮೇಲೆ ರವಿ, ರವಿಯಾದ ಮೇಲೆ ಚಂದ್ರ, ಆಮೇಲೆ ಕುಜ. ಆರ್ಯಭಟ ಕಾಲಕ್ರಿಯಾಪಾದದಲ್ಲಿ ‘ನಾಲ್ಕನೆಯವನು ದಿನಾಧಿಪ’ ಎನ್ನುವುದು ಇದನ್ನೇ, ಹೊರಟವನನ್ನೂ ಸೇರಿಸಿ ಎಣಿಸಿದಾಗ. ಏಳು ಅವಿಭಾಜ್ಯವಾದ್ದರಿಂದ ಮೂರು ಮೂರು ಹಾರಿದರೂ ಯಾರೊಬ್ಬರೂ ತಪ್ಪಿಹೋಗುವುದಿಲ್ಲ. ಆರೇ ಗ್ರಹಗಳಿದ್ದು ಮೂರು ಮೂರು ಹಾರಿದ್ದರೆ ಇಬ್ಬರ ಹೆಸರೇ ಮತ್ತೆ ಮತ್ತೆ ಬರುತ್ತಿತ್ತು.

ಶೇಷದ ಬಳಕೆಗೆ ಒಂದು ಉದಾಹರಣೆ. ಏಕೀಕರಣದ ದಿನ, 1956ರ ನವೆಂಬರ್ 1, ಗುರುವಾರ. 2026ರ ನವೆಂಬರ್ 1 ಯಾವ ವಾರ? ನಡುವೆ 70 ವರ್ಷ. 365ನ್ನು ಏಳರಿಂದ ಭಾಗಿಸಿದರೆ ಶೇಷ 1, ಹಾಗಾಗಿ 70 ವರ್ಷಕ್ಕೆ 70 ದಿನ, ಅದು ಏಳರ ಅಪವರ್ತ್ಯ, ಬಿಟ್ಟುಬಿಡಿ. ಉಳಿದದ್ದು ಫೆಬ್ರುವರಿ 29ಗಳು: 1960ರಿಂದ 2024ರವರೆಗೆ 17. ಶೇಷ 3. ಗುರುವಾರದಿಂದ ಮೂರು ಮುಂದೆ, ಭಾನುವಾರ. 1956 ಕೂಡ ಅಧಿಕ ವರ್ಷವೆಂದು ಅದನ್ನೂ ಸೇರಿಸಿದರೆ ಸೋಮವಾರ ಬರುತ್ತದೆ. ಆ ಫೆಬ್ರುವರಿ ನವೆಂಬರಿಗೆ ಮೊದಲೇ ಕಳೆದಿತ್ತು, ಅದನ್ನು ಎಣಿಸಕೂಡದು.

ಏಳನ್ನು ಬಿಟ್ಟು ಹಾರುವುದು ಎಷ್ಟು ತಪ್ಪೋ, ಅದಕ್ಕೆ ಇಲ್ಲದ ಶಕ್ತಿ ಹೊರಿಸುವುದೂ ಅಷ್ಟೇ ತಪ್ಪು. ಚೆನ್ನೆಮಣೆಯ ಬೀಜ 56. ಭಾಮಿನಿಯ ನಾಲ್ಕು ಚಿಕ್ಕ ಸಾಲುಗಳ ಮಾತ್ರೆ 56. ಪಂಚಾಂಗದಲ್ಲಿ ಬವದಿಂದ ಭದ್ರೆಯವರೆಗಿನ ಏಳು ಚರಕರಣಗಳು (ಕರಣವೆಂದರೆ ಅರ್ಧ ತಿಥಿ) ಚಾಂದ್ರಮಾಸದಲ್ಲಿ ಎಂಟು ಸಲ ಬಂದಾಗಲೂ 56, ಜೊತೆಗೆ ನಾಲ್ಕು ಸ್ಥಿರಕರಣ ಸೇರಿ 60. ಇದರಲ್ಲಿ ಯಾವ ಗೂಢಸಂಬಂಧವೂ ಇಲ್ಲ. ಏಳನ್ನು ಎಂಟರಿಂದಲೋ, ಹದಿನಾಲ್ಕನ್ನು ನಾಲ್ಕರಿಂದಲೋ ಗುಣಿಸಿದರೆ 56 ಬರಲೇಬೇಕು. ಏಳೆಂಟ್ಲಿ ಮರೆಯುವ ಮಗುವಿಗೆ ನೆನಪಿನ ಗಂಟಾಗಿ ಮಾತ್ರ ಇದನ್ನು ಬಳಸಬಹುದು. ಕಾಮನಬಿಲ್ಲಿನ ಏಳು ಬಣ್ಣವೂ ಹಾಗೆಯೇ. ನ್ಯೂಟನ್ ಮೊದಲು ಎಣಿಸಿದ್ದು ಐದು, ಸ್ವರಗಳಿಗೆ ಹೊಂದಲೆಂದು ಏಳು ಮಾಡಿದ. ಬಿಲ್ಲಿನಲ್ಲಿ ಬಣ್ಣಗಳ ನಡುವೆ ಗೆರೆಗಳಿಲ್ಲ.

ನಿಮ್ಮ ಅದೇ ಪುಟದಲ್ಲಿ π = 22/7 ಎಂದೂ ಅಚ್ಚಾಗಿದೆ. ‘ಸುಮಾರು’ ಎಂಬ ಒಂದು ಪದ ಅಲ್ಲಿ ಬೇಕಿತ್ತು. 22/7 ಎಂದರೆ 3.142857..., ಮತ್ತೆ ಅದೇ ಸುತ್ತು. π ಅದಕ್ಕಿಂತ ತುಸು ಕಡಿಮೆ, ಅದರ ಅಂಕಿಗಳು ಹೀಗೆ ಸುತ್ತುವುದೂ ಇಲ್ಲ. ವ್ಯಾಸ ಒಂದು ಕಿಲೋಮೀಟರ್ ಇದ್ದರೆ ಪರಿಧಿಯಲ್ಲಿ ಬರುವ ವ್ಯತ್ಯಾಸ ಸುಮಾರು 1.26 ಮೀಟರ್. ಗಾಡಿಚಕ್ರಕ್ಕೆ ಪಟ್ಟಿ ಕತ್ತರಿಸಲು ಅಡ್ಡಿಯಿಲ್ಲ, ವ್ಯಾಖ್ಯೆಯಾಗಿ ಬರೆಯಕೂಡದು.

ರಂಗೋಲಿ ಹಾಕುವವರಿಗೂ ಏಳು ಕೈಕೊಡುವುದುಂಟು. ಕೈವಾರವನ್ನು ತ್ರಿಜ್ಯದಷ್ಟೇ ಅಗಲಿಸಿ ಪರಿಧಿಯ ಮೇಲೆ ಹೆಜ್ಜೆ ಹಾಕಿದರೆ ಆರು ಎಸಳು ಸರಿಯಾಗಿ ಕೂರುತ್ತದೆ. ಏಳು ಎಸಳನ್ನು ಕೈವಾರ, ಗುರುತಿಲ್ಲದ ಅಳತೆಪಟ್ಟಿ ಎರಡರಿಂದಲೇ ನಿಖರವಾಗಿ ಹಾಕಲು ಬರುವುದಿಲ್ಲ, ಹಾಗಿರುವ ಬಹುಭುಜಗಳಲ್ಲಿ ಮೊದಲನೆಯದೇ ಸಪ್ತಭುಜ. ಕಣ್ಣಿಗೆ ಸಾಲುವಷ್ಟು ಮಾತ್ರ ಹೀಗೆ ಮಾಡಬಹುದು: ಪರಿಧಿಯ ಒಂದು ಬಿಂದುವಿನಲ್ಲಿ ಕೈವಾರದ ಮೊನೆ ಇಟ್ಟು ತ್ರಿಜ್ಯದ ಅಗಲದಲ್ಲೇ ಕಂಸ ಎಳೆಯಿರಿ, ಅದು ಪರಿಧಿಯನ್ನು ಎರಡು ಕಡೆ ಕಡಿಯುತ್ತದೆ. ಆ ಎರಡು ಬಿಂದುಗಳನ್ನು ಸೇರಿಸುವ ಗೆರೆಯ ಅರ್ಧದಷ್ಟು ಕೈವಾರ ಅಗಲಿಸಿ ಏಳು ಹೆಜ್ಜೆ ಹಾಕಿ. ತ್ರಿಜ್ಯ 10 ಸೆಂ.ಮೀ. ಇದ್ದರೆ ಏಳನೇ ಹೆಜ್ಜೆ ಹೊರಟ ಬಿಂದುವಿಗೆ ಸುಮಾರು 1.35 ಮಿಲಿಮೀಟರ್ ಹಿಂದೆ ನಿಲ್ಲುತ್ತದೆ. ರಂಗೋಲಿಪುಡಿಯ ಗೆರೆಯೇ ಅದಕ್ಕಿಂತ ದಪ್ಪ.

ಮಕ್ಕಳ ಪುಟದ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾದರೆ 6 ಮತ್ತು 8ರ ನಡುವೆ ಇಷ್ಟು ಸೇರಿಸಿದರೆ ಸಾಕು: ‘7: ಎಡದ ಗುಂಪನ್ನು ಇಮ್ಮಡಿ ಮಾಡಿ ಮುಂದಿನ ಎರಡಂಕಿಗೆ ಕೂಡಿ, ಕೊನೆಯ ಅಲ್ಪವಿರಾಮದಲ್ಲಿ ಮಾತ್ರ, ಬಂದದ್ದನ್ನು ಕಡೆಯ ಮೂರಂಕಿಯಿಂದ ಕಳೆಯಿರಿ. ಉಳಿದದ್ದು ಏಳರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ.’ ಅಭ್ಯಾಸಕ್ಕೆ 3,58,72,914 ಕೊಡಿ, ಪಕ್ಕದಲ್ಲಿ 12,34,567ನ್ನೂ ಇಡಿ. ಒಂದು ಭಾಗವಾಗುತ್ತದೆ, ಇನ್ನೊಂದು ಆಗುವುದಿಲ್ಲ.

ಇಂತಿ,
ಒಬ್ಬ ಗಣಿತ ಶಿಕ್ಷಕ